ಎಂಬತ್ತೇಳು ಕಾಲೊನಿ

ಬೆಳಿಗ್ಗೆ ಎಂಟೂಕಾಲಿಗೆ ಅಳತೆರಾಯರು ಬೆಚ್ಚನೆಯ ಪೆಟ್ಟಿಗೆಯ ಬಾಗಿಲು ತೆರೆದು ಒಂದು ಗಾಜಿನ ತಟ್ಟೆಯನ್ನು ಹೊರಗೆ ತೆಗೆದರು. ಅದರಲ್ಲಿ ಏನೂ ಇರಲಿಲ್ಲ. ಆ ದಿನ ನಡೆದ ಅಷ್ಟೂ ಅನಾಹುತಕ್ಕೆ ಈ 'ಏನೂ ಇಲ್ಲ' ಎಂಬುದೇ ಮೂಲ.

ಮನೆಯ ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಹೊಟ್ಟೆಗೆ ಕಷ್ಟ. ಹಾಲಿನ ಡೇರಿಯ ಪ್ರಯೋಗಾಲಯದ ತಟ್ಟೆಯಲ್ಲಿ ಏನೂ ಇಲ್ಲದಿದ್ದರೆ ಸಾಮಾನ್ಯವಾಗಿ ಎಲ್ಲರಿಗೂ ಸಂತೋಷ. ಅಲ್ಲಿಯ ಲೆಕ್ಕವೇ ಬೇರೆ. ಒಂದು ಪುಡಿಯನ್ನು ನೀರಿನಲ್ಲಿ ಕರಗಿಸಿ, ಬೇಯಿಸಿ, ತಟ್ಟೆಗೆ ಹೊಯ್ದರೆ ಅದು ಅಂಟಂಟಾಗಿ ಹೆಪ್ಪುಗಟ್ಟುತ್ತದೆ. ಅದಕ್ಕೆ ಮಾಧ್ಯಮ ಎಂದು ಹೆಸರು. ಅದರ ಮೇಲೆ ಹನಿ ಹಾಲು ಸವರಿ ಒಂದು ದಿನ ಬೆಚ್ಚಗಿಟ್ಟರೆ, ಹಾಲಿನಲ್ಲಿದ್ದ ಒಂದೊಂದು ಸೂಕ್ಷ್ಮಾಣುವೂ ಹೊಟ್ಟೆತುಂಬ ತಿಂದು, ಮಕ್ಕಳು ಮರಿಮಕ್ಕಳನ್ನು ಹೆತ್ತು, ಸಾಸಿವೆ ಕಾಳಿನಷ್ಟು ಚುಕ್ಕೆಯಾಗಿ ಮೇಲೇಳುತ್ತದೆ. ಆ ಚುಕ್ಕೆಗೆ ಕಾಲೊನಿ ಎನ್ನುತ್ತಾರೆ. ಕಾಲೊನಿ ಕಡಿಮೆಯಾದಷ್ಟೂ ಹಾಲು ಶುದ್ಧ.

ಆದರೆ ಈ ತಟ್ಟೆಗೆ ರಾಯರು ಹಾಲು ಹಾಕಿರಲಿಲ್ಲ. ಶೀಶೆಯಲ್ಲಿ ಸಾಕಿಟ್ಟಿದ್ದ ಗಟ್ಟಿಮುಟ್ಟಾದ ಸೂಕ್ಷ್ಮಾಣುಗಳನ್ನು ತಾವೇ ಕೈಯಾರೆ ಹಾಕಿದ್ದರು. ಊಟಕ್ಕೆ ಕರೆದ ನೂರು ಜಟ್ಟಿಗಳೂ ತುತ್ತು ಮುಟ್ಟದೆ ಸತ್ತು ಮಲಗಿದ್ದಾರೆ ಎಂದರೆ ತಪ್ಪು ಜಟ್ಟಿಗಳದ್ದಲ್ಲ, ಅಡುಗೆಯದ್ದು!

ರಾಯರು ಎರಡನೆಯ ತಟ್ಟೆ ತೆಗೆದರು. ಅದೇ ಹೊಸ ಡಬ್ಬದ ಮಾಧ್ಯಮ, ಮೇಲೆ ನಿನ್ನೆಯ ಹಾಲು. ಸೊನ್ನೆ. ಮೂರನೆಯದಕ್ಕೆ ಹಳೇ ಡಬ್ಬದ ತಳದಲ್ಲಿ ಉಳಿದಿದ್ದ ಎರಡು ಚಮಚ ಪುಡಿಯಿಂದ ಮಾಧ್ಯಮ ಮಾಡಿದ್ದರು. ನೀರು ಅದೇ, ಪಾತ್ರೆ ಅದೇ, ಬೇಯಿಸಿದ್ದು ಅದೇ ಹೊತ್ತಿನಲ್ಲಿ, ಹಾಕಿದ ಹಾಲೂ ಅದೇ. ಅಲ್ಲಿ ಚುಕ್ಕೆಗಳು ಮಿರಮಿರ ಮಿಂಚುತ್ತಿದ್ದವು. ರಾಯರು ಎಣಿಸಿದರು. ಎಂಬತ್ತೇಳು. ಮತ್ತೆ ಎಣಿಸಿದರು. ಎಂಬತ್ತೇಳು. ಅವರು ಯಾವುದನ್ನೂ ಮೂರು ಸಲ ಎಣಿಸದೆ ಬಿಟ್ಟವರಲ್ಲ. ಮೂರನೇ ಸಲವೂ ಎಂಬತ್ತೇಳೇ. ನಾಲ್ಕನೆಯ ತಟ್ಟೆ, ಹಳೇ ಮಾಧ್ಯಮದ ಮೇಲೆ ಜಟ್ಟಿಗಳನ್ನು ಬಿಟ್ಟದ್ದು, ಎಣಿಸಲೂ ಆಗದಷ್ಟು ತುಂಬಿ ತುಳುಕುತ್ತಿತ್ತು.

ಅಳತೆರಾಯ ಎಂಬುದು ಅವರ ಹೆತ್ತವರು ಇಟ್ಟ ಹೆಸರಲ್ಲ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚದ ಮೇಲಿನ ಗುಡ್ಡೆಯನ್ನು ಬೆರಳಿನಿಂದ ಸವರಿ ಮಟ್ಟ ಮಾಡುವವರನ್ನು ಜನ ಸುಮ್ಮನೆ ಬಿಡುತ್ತಾರೆಯೇ? ಹದಿನೇಳು ವರ್ಷದಿಂದ ಡೇರಿಯಲ್ಲಿ ಮಾಧ್ಯಮ ಮಾಡುವ ಕೆಲಸ ಅವರದು. ಹದಿನೇಳು ವರ್ಷದಲ್ಲಿ ಉದ್ದನೆಯ ರಜೆ ಹಾಕಿದ್ದು ಒಂದೇ ಸಲ, ಈ ತಿಂಗಳು, ಅತ್ತೆಯ ಕಣ್ಣಿನ ಆಪರೇಷನ್ನಿಗೆ. ಒಂಬತ್ತು ದಿನ ಪರ ಊರಿನಲ್ಲಿದ್ದು ಅತ್ತೆಯ ಕಣ್ಣಿಗೆ ಹನಿ ಎಣಿಸಿ ಎಣಿಸಿ ಹಾಕಿದರು. "ಅಳಿಯಂದಿರು ಎಣಿಸಿ ಮುಗಿಸೋ ಹೊತ್ತಿಗೆ ಕಣ್ಣು ತಾನಾಗೇ ವಾಸಿ ಆಗುತ್ತೆ" ಎಂದು ಅತ್ತೆ ಮಗಳ ಹತ್ತಿರ ದೂರಿದ್ದೂ ಉಂಟು.

ಆ ಒಂಬತ್ತು ದಿನ ಮಾಧ್ಯಮ ಮಾಡಿದವನು ಪ್ರಯೋಗಾಲಯದ ಇನ್ನೊಬ್ಬ ಸಹಾಯಕ. ಯಾವ ಪ್ರಶ್ನೆಗಾದರೂ ಮೊದಲು ನಕ್ಕು ಆಮೇಲೆ ಉತ್ತರ ಹುಡುಕುವ ಅವನಿಗೆ ನಗುಮುಖ ಎಂದೇ ಹೆಸರು. ಅವನು ಹೊಸ ಡಬ್ಬ ತೆರೆದ ದಿನದಿಂದ ಹಾಲಿನ ಎಣಿಕೆ ಸೊನ್ನೆಗೆ ಇಳಿದಿತ್ತು. ಸೊನ್ನೆ ಎಂದರೆ ಬೋಳು ಸೊನ್ನೆ! ಡೇರಿಯ ಇತಿಹಾಸದಲ್ಲೇ ಇಲ್ಲದ ಶುದ್ಧಿ. ಮ್ಯಾನೇಜರ್ ಸಾಹೇಬರು ಕುಣಿದಾಡಿ ಕೇಂದ್ರ ಕಚೇರಿಗೆ ತಿಳಿಸಿದ್ದರು. ಇವತ್ತು ನಾಲ್ಕು ಗಂಟೆಗೆ ಅಲ್ಲಿಂದ ಗುಣಮಟ್ಟದ ಹಿರಿಯ ಅಧಿಕಾರಿ ಬಂದು ಫಲಕ ಕೊಡುವ ಸಮಾರಂಭ. ಪ್ಯಾಕಿಂಗ್ ಹಾಲಿನಲ್ಲಿ ವೇದಿಕೆ ಎದ್ದಿತ್ತು. ಗೋಡೆಯ ತುಂಬ ದೊಡ್ಡ ಬ್ಯಾನರು. ಅದರ ಮೇಲೆ ಲಾರಿಯ ಚಕ್ರದಷ್ಟು ದೊಡ್ಡ ಒಂದು ಸೊನ್ನೆ.

"ಅಯ್ಯಯ್ಯೋ! ಹಾಲಲ್ಲಿ ಹುಳ ಇಲ್ಲ ಅಂತಲ್ಲ, ಹುಳಕ್ಕೆ ಊಟವೇ ಇರಲಿಲ್ಲ! ಹತ್ತು ದಿನದಿಂದ ಹಾಲು ಪರೀಕ್ಷೆನೇ ಆಗಿಲ್ಲ!" ಎಂದು ರಾಯರು ಒಬ್ಬರೇ ಕೂಗಿಕೊಂಡರು. ನಾಲ್ಕೂ ತಟ್ಟೆಗಳನ್ನು ಸ್ಟೀಲಿನ ಡಬ್ಬಿಯಲ್ಲಿಟ್ಟು ಎದೆಗವಚಿಕೊಂಡು ಮ್ಯಾನೇಜರರ ಕೋಣೆಗೆ ಓಡಿದರು.

ಸಾಹೇಬರು ಕನ್ನಡಿಯ ಮುಂದೆ ನಿಂತು ಭಾಷಣ ಅಭ್ಯಾಸ ಮಾಡುತ್ತಿದ್ದರು.

"ಸಾರ್, ಸಾರ್, ಮಾಧ್ಯಮ ಸರಿಯಿಲ್ಲ ಸಾರ್!"

ಸಾಹೇಬರು ಕನ್ನಡಿಯಿಂದ ಕಣ್ಣು ಕೀಳಲಿಲ್ಲ. "ಯಾವ ಕಾಲದಲ್ಲಿ ಸರಿಯಿತ್ತು ರೀ? ಒಳ್ಳೇದು ನಡೆದಾಗ ಒಂದು ಸಾಲು ಬರೆದಿದಾರಾ? ಆದ್ರೂ ನಾಲ್ಕು ಜನ ಪತ್ರಕರ್ತರನ್ನ ಕರೆದಿದೀನಿ. ಮುಂದಿನ ಸಾಲಲ್ಲಿ ಕುರ್ಚಿ ಹಾಕ್ಸಿ."

"ಆ ಮಾಧ್ಯಮ ಅಲ್ಲ ಸಾರ್. ನಮ್ಮದು! ಹತ್ತು ದಿನದಿಂದ ಸತ್ತು ಬಿದ್ದಿದೆ."

"ಸಾಯದೆ ಏನು? ಈಗೆಲ್ಲ ಜನ ಮೊಬೈಲಲ್ಲೇ ನೋಡ್ತಾರೆ."

"ಸಾರ್, ನಾನು ನಿನ್ನೆ ಹಳೇ ಮಾಧ್ಯಮ ಹೊಸ ಮಾಧ್ಯಮ ಎರಡನ್ನೂ ಒಟ್ಟಿಗೆ ಕುದಿಸಿ, ಬೇಯಿಸಿ, ತಟ್ಟೆಗೆ ಹೊಯ್ದು..."

ಸಾಹೇಬರು ಈಗ ತಿರುಗಿದರು. ರಾಯರನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ರಾಯರೇ, ಮನೇಲಿ ಎಲ್ಲ ಸೌಖ್ಯವಾ? ಅತ್ತೆಯವರ ಕಣ್ಣು ಹೇಗಿದೆ?"

"ಕಣ್ಣು ಚೆನ್ನಾಗಿದೆ ಸಾರ್. ಈ ಸೊನ್ನೆ ಸುಳ್ಳು ಸಾರ್!"

ಆ ಕೊನೆಯ ಮಾತು ಮಾತ್ರ ಸಾಹೇಬರಿಗೆ ಚೆನ್ನಾಗಿ ಅರ್ಥವಾಯಿತು. ಮುಖ ಕೆಂಡವಾಯಿತು. "ನೋಡಿ. ನೀವು ಹದಿನೇಳು ವರ್ಷ ಇದ್ರಿ, ಸೊನ್ನೆ ಬರಲಿಲ್ಲ. ಒಂಬತ್ತು ದಿನ ಇರಲಿಲ್ಲ, ಬಂತು. ನಿಮಗೆ ಹೊಟ್ಟೆಗೆ ಬೆಂಕಿ ಬಿದ್ದಿರೋದು ಸಹಜ. ನೀರು ಕುಡೀರಿ. ನಾಲ್ಕು ಗಂಟೆವರೆಗೆ ಬಾಯಿ ಬಿಡಬೇಡಿ."

ರಾಯರನ್ನು ಅವರ ಡಬ್ಬಿಯ ಸಮೇತ ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಪಡಸಾಲೆಯಲ್ಲಿ ನಗುಮುಖ ಎದುರಾದ. ಹೊಸ ಅಂಗಿ, ಹೊಸ ಬೂಟು. ಅವನಿಗೂ ವೇದಿಕೆಯ ಮೇಲೆ ಕುರ್ಚಿಯಿತ್ತು.

"ಹೊಸ ಡಬ್ಬ ತೆರೆದಾಗ ಹಳೇದರ ಜೊತೆ ಇಟ್ಟು ನೋಡಿದೆಯೇನಯ್ಯಾ?" ಎಂದು ರಾಯರು ಹಿಡಿದುಕೊಂಡರು.

ನಗುಮುಖ ಮೊದಲು ನಕ್ಕ. ಆಮೇಲೆ, "ಡಬ್ಬದ ಮೇಲೆ 'ಉತ್ತಮ' ಅಂತ ಬರೆದಿತ್ತಲ್ಲ ರಾಯರೇ" ಎಂದ.

"ಬರೆದಿದ್ರೆ? ನಾನು ನನ್ನ ಹಣೆ ಮೇಲೆ 'ರಾಜ' ಅಂತ ಬರ್ಕೊಂಡ್ರೆ ನೀನು ಕಪ್ಪ ಕೊಡ್ತೀಯಾ? ಕೇಳಿಲ್ಲಿ! ಹಳೇದರಲ್ಲಿ ಎಂಬತ್ತೇಳು ಕಾಲೊನಿ! ಹೊಸದಕ್ಕೆ ಒಂದೂ ಇಲ್ಲ! ನಾನೇ ಕೂತು ಎಣಿಸಿದೀನಿ, ಮೂರು ಸಲ!"

ರಾಯರ ದನಿ ಹುರುಪಿನಲ್ಲಿ ಏರಿತ್ತು. ಅದೇ ಹೊತ್ತಿಗೆ ಪ್ಯಾಕಿಂಗ್ ವಿಭಾಗದ ಮೇಸ್ತ್ರಿ ಪಕ್ಕದಲ್ಲಿ ಹಾದುಹೋದ. ಅವನ ಹೆಜ್ಜೆ ನಿಧಾನವಾಯಿತು. ಕಿವಿ ಮೊಲದ ಕಿವಿಯಂತೆ ನಿಮಿರಿತು. ಮರುಕ್ಷಣ ಅವನು ಓಡುತ್ತಲೇ ಪ್ಯಾಕಿಂಗ್ ಹಾಲು ಸೇರಿದ.

ಸುದ್ದಿಗೆ ಕಾಲಿಲ್ಲದಿದ್ದರೂ ಡೇರಿಯಲ್ಲಿ ಅದಕ್ಕೆ ಲಾರಿಗಳಿದ್ದವು. ಸಿಬ್ಬಂದಿಗೆ ಕಂಪನಿ ಎಂಬತ್ತೇಳು ಮನೆಯ ಕಾಲೊನಿ ಕಟ್ಟಿಸಿದೆಯಂತೆ, ಹಳಬರಿಗೆ ಮಾತ್ರವಂತೆ, ಹೊಸಬರಿಗೆ ಒಂದೂ ಇಲ್ಲವಂತೆ, ಪಟ್ಟಿ ಅಳತೆರಾಯರ ಸ್ಟೀಲ್ ಡಬ್ಬಿಯಲ್ಲಿದೆಯಂತೆ ಎಂಬುದು ಹತ್ತು ಗಂಟೆಗೆ ಬೆಣ್ಣೆ ವಿಭಾಗಕ್ಕೂ, ಹತ್ತೂಕಾಲಿಗೆ ಗೇಟಿಗೂ, ಹತ್ತೂವರೆಗೆ ಪೇಟೆಗೂ ತಲುಪಿತು.

ಇದೊಂದೂ ತಿಳಿಯದ ರಾಯರು ಪಾತ್ರೆ ತೊಳೆಯುವ ಕೋಣೆಗೆ ಹೋಗಿದ್ದರು. ಗಾಜಿನಲ್ಲಿ ಸೋಪು ಉಳಿದರೂ ಸೂಕ್ಷ್ಮಾಣು ಸಾಯುತ್ತದೆ. ಎಲ್ಲ ಕಡೆಯಿಂದಲೂ ಖಚಿತ ಮಾಡಿಕೊಳ್ಳುವುದು ಅವರ ಸ್ವಭಾವ. ಅಲ್ಲಿ ಇಪ್ಪತ್ತು ವರ್ಷದಿಂದ ತಟ್ಟೆ ತೊಳೆಯುವ ಅಕ್ಕ ಮೊಣಕೈವರೆಗೆ ನೊರೆಯಲ್ಲಿ ಮುಳುಗಿದ್ದಳು.

"ಅಕ್ಕಾ, ನಾನಿಲ್ಲದಾಗ ಸೋಪು ಬದಲಾಯ್ತಾ?"

"ಇಲ್ಲ ರಾಯರೇ, ಅದೇ ಸೋಪು. ಆದ್ರೆ ನಾನು ನಿಮಗೆ ಒಂದು ಮಾತು ಹೇಳಬೇಕಂತಿದ್ದೆ. ಈ ತಟ್ಟೆಗಳು..."

"ಸೋಪು ಅದೇ ಅಂದ್ರೆ ಸಾಕು, ಸಾಕು! ತಪ್ಪು ಪುಡೀದೇ!" ಎಂದು ರಾಯರು ಹೊರಟೇಬಿಟ್ಟರು. ತನಿಖೆಯ ಹುರುಪಿನಲ್ಲಿದ್ದವನಿಗೆ ಸಾಕ್ಷಿ ಹೇಳಲು ಬಂದವರು ಅಡ್ಡಿಯಾಗಿ ಕಾಣುತ್ತಾರೆ.

ಹೊರಗೆ ಅಂಗಳದಲ್ಲಿ ಮೊದಲು ಸಿಕ್ಕಿದವನು ಲಾರಿ ಚಾಲಕ. ಎರಡೂ ಕೈ ಜೋಡಿಸಿದ. "ರಾಯರೇ, ನನ್ನದು ಹದಿನಾಲ್ಕು ವರ್ಷ ಸರ್ವಿಸು. ನಮ್ಮನ್ನ ಮರೀಬೇಡಿ."

"ನಿನ್ನನ್ನ ಯಾಕಪ್ಪಾ ಮರೀಲಿ?"

"ಅದೇ, ಎಂಬತ್ತೇಳರಲ್ಲಿ ಒಂದು..."

ರಾಯರಿಗೆ ಕಣ್ಣು ತುಂಬಿ ಬಂತು. ಅಬ್ಬಾ, ಮ್ಯಾನೇಜರಿಗೆ ಅರ್ಥವಾಗದ್ದು ಚಾಲಕನಿಗೆ ಅರ್ಥವಾಗಿದೆಯಲ್ಲ! "ಹೌದಪ್ಪಾ, ಎಂಬತ್ತೇಳು! ನಿನಗೂ ಗೊತ್ತಾಯ್ತಾ? ಆದ್ರೆ ಬಹಳ ಚಿಕ್ಕವು, ಸಾಸಿವೆ ಕಾಳಷ್ಟು."

"ಚಿಕ್ಕದಾದ್ರೂ ಪರವಾಗಿಲ್ಲ ರಾಯರೇ. ಬಾಡಿಗೆ ಕಟ್ಟೋದು ತಪ್ಪಿದ್ರೆ ಸಾಕು."

ರಾಯರಿಗೆ ಬಾಡಿಗೆಯ ಮಾತು ಯಾಕೆ ಬಂತೋ ತಿಳಿಯಲಿಲ್ಲ. ಆದರೂ ಉತ್ಸಾಹ ತಡೆಯಲಾಗದೆ ವಿವರಿಸಿದರು. "ನೋಡೋಕೆ ಚಿಕ್ಕದು, ಒಳಗೆ ಒಂದೊಂದರಲ್ಲೂ ಕೋಟಿಗಟ್ಟಲೆ ಒತ್ತಿಕೊಂಡು ಇರ್ತವೆ."

"ನಮ್ಮನೇಲೂ ಹಾಗೇ. ಒಂದೇ ಕೋಣೇಲಿ ಒಂಬತ್ತು ಜನ."

"ಹೊತ್ತಿಗೆ ಸರಿಯಾಗಿ ಊಟ ಸಿಕ್ಕರೆ ಇಪ್ಪತ್ತು ನಿಮಿಷಕ್ಕೆ ಒಂದು ಎರಡಾಗುತ್ತೆ!"

ಚಾಲಕ ನಾಚಿಕೊಂಡ. "ಅಷ್ಟೇನಿಲ್ಲ ರಾಯರೇ. ನಮಗೆ ಐದೇ ಮಕ್ಕಳು."

ಅಷ್ಟರಲ್ಲಿ ಬೆಣ್ಣೆ ವಿಭಾಗದ ಹನ್ನೆರಡು ಮಂದಿ ಬಂದು ಸುತ್ತುವರಿದರು. ಅವರ ಹಿಂದೆ ಪ್ಯಾಕಿಂಗಿನವರು, ಮೇಸ್ತ್ರಿಯ ಮುಂದಾಳತ್ವದಲ್ಲಿ. "ಹಳಬರಿಗೆ ಎಂಬತ್ತೇಳು, ಹೊಸಬರಿಗೆ ಸೊನ್ನೆ! ಇದ್ಯಾವ ನ್ಯಾಯ?" "ಕೆನೆ ಅವರಿಗೆ, ನೀರು ನಮಗಾ?" "ಡಬ್ಬಿ ತೆಗೀರಿ, ಪಟ್ಟಿ ತೋರಿಸಿ!" "ಮೂಲೆ ಮನೆ ಯಾರಿಗೆ ಬರೆದಿದೀರಿ?"

"ಯಾವ ಮನೆ? ಇದರಲ್ಲಿ ಇರೋದು ಬ್ಯಾಕ್ಟೀರಿಯಾ ಕಣ್ರಪ್ಪಾ!"

"ಯಾರಾದ್ರೂ ಇರಲಿ, ಖಾಲಿ ಮಾಡ್ಸಿ!" ಎಂದು ಹಿಂದಿನಿಂದ ಒಬ್ಬ ಗುಡುಗಿದ.

ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಹೆಂಡತಿ. "ಏನೂಂದ್ರೆ, ಇಷ್ಟು ದೊಡ್ಡ ವಿಷಯ ಪಕ್ಕದ ಮನೆಯವರ ಬಾಯಿಂದ ಕೇಳಬೇಕಾ ನಾನು? ಕಾಲೊನಿ ಹಂಚೋರು ನೀವೇ ಅಂತೆ! ನಮಗೆ ಪೂರ್ವಕ್ಕೆ ಬಾಗಿಲಿರೋದು ಇಟ್ಕೊಳ್ಳಿ. ಅಮ್ಮನ್ನೂ ಕರ್ಕೊಂಡು ಬರ್ಬೇಕು, ಅವರ ಕಣ್ಣಿಗೆ ಬೆಳಕು ಬೇಕು. ಕೇಳಿಸ್ತಾ ಇದೆಯಾ?"

"ಅಯ್ಯೋ ಮಾರಾಯ್ತಿ, ಇದು ಹಾಲಿನ ಕಾಲೊನಿ ಕಣೇ!"

"ಹಾಲು ದೊಡ್ಡದಿದ್ರೆ ಒಳ್ಳೇದೇ ಆಯ್ತಲ್ಲ" ಎಂದು ಆಕೆ ಫೋನಿಟ್ಟಳು.

ಜನ ಒತ್ತಿಕೊಂಡು ಬಂದರು. ಯಾರೋ ಡಬ್ಬಿಗೆ ಕೈ ಹಾಕಿದರು. ಡಬ್ಬಿ ಬಿದ್ದರೆ ಸಾಕ್ಷಿ ಮಣ್ಣುಪಾಲು! ರಾಯರು ಬೆಕ್ಕಿನಂತೆ ನುಸುಳಿ, ತೊಳೆಯುವ ಕೋಣೆಯ ಕಿಟಕಿಗೆ ಹಾರಿ, ಒಳಗಿದ್ದ ಅಕ್ಕನ ಕೈಗೆ ಡಬ್ಬಿ ತುರುಕಿದರು. "ಅಕ್ಕಾ, ಇದನ್ನ ಜೋಪಾನ! ನಾಲ್ಕು ಗಂಟೆಗೆ ಬಂದು ಇಸ್ಕೊಳ್ತೀನಿ!" ಎಂದವರೇ ಓಡಿದರು. ಓಡಿ ಓಡಿ, ಎದುರಿಗೆ ಸಿಕ್ಕ ಬಾಗಿಲು ತಳ್ಳಿ ಒಳಗೆ ಹೊಕ್ಕು ಮುಚ್ಚಿಕೊಂಡರು.

ಅದು ಬೆಣ್ಣೆ ಇಡುವ ಶೀತಲ ಕೋಣೆ.

ಒಳಗೆ ಗಡ್ಡೆಗಟ್ಟಿದ ಬೆಣ್ಣೆಯ ಪೆಟ್ಟಿಗೆಗಳು, ಹೊರಗೆ ಮನೆ ಕೇಳುವ ಜನ. ರಾಯರು ಪೆಟ್ಟಿಗೆಯಿಂದ ಪೆಟ್ಟಿಗೆಗೆ ಜಿಗಿಯುತ್ತ, ಕೈ ಉಜ್ಜುತ್ತ, ಒಂದರಿಂದ ಸಾವಿರದವರೆಗೆ ಎಣಿಸಿದರು, ಮೂರು ಸಲ. ಬಾಗಿಲು ಸ್ವಲ್ಪವೇ ಸರಿಸಿ ಇಣುಕಿದರೆ ಜನ ಇನ್ನೂ ಇದ್ದರು. ಮತ್ತೆ ಒಳಗೆ ಹೋಗಿ ಎಣಿಸಿದರು. ಊಟದ ಹೊತ್ತಿನಲ್ಲಿ ಗುಂಪು ಮ್ಯಾನೇಜರರ ಕೋಣೆಯತ್ತ ಹೊರಟ ಸದ್ದಾಯಿತು. ಅಲ್ಲಿಂದ ಸಾಹೇಬರ ಆರ್ಭಟ ಗೋಡೆ ದಾಟಿ ಕೇಳಿಸಿತು. "ಕಾಲೊನಿಯೂ ಇಲ್ಲ, ಕೋಳಿಗೂಡೂ ಇಲ್ಲ! ಯಾರ್ರೀ ಹೇಳಿದ್ದು? ಅಳತೆರಾಯನಾ? ನನ್ನ ಸಮಾರಂಭ ಹಾಳು ಮಾಡೋಕೆ ನಿಮ್ಮನ್ನ ಎತ್ತಿಕಟ್ಟಿದಾನಾ? ನಾಲ್ಕು ಗಂಟೆ ಕಳೀಲಿ, ಅವನ ಅಳತೆ ತೆಗೀತೀನಿ!"

ಸುಮ್ಮನಿದ್ದುಬಿಡಲೇ ಎಂದು ರಾಯರಿಗೆ ಒಂದು ಗಳಿಗೆ ಅನ್ನಿಸಿತು. ಫಲಕ ಕೊಡಲಿ, ಚಪ್ಪಾಳೆ ತಟ್ಟಲಿ. ನಾಳೆ ಮೆಲ್ಲಗೆ ಆ ಡಬ್ಬ ಎಸೆದು ಬೇರೆ ತರಿಸಿದರಾಯಿತು. ಯಾರಿಗೂ ತಿಳಿಯುವುದಿಲ್ಲ. ಆಗಲೇ ಹೊರಗೆ ಒಂದು ವಾಹನ ಹೊರಡುವ ಸದ್ದು. ಬಾಗಿಲ ಸಂದಿನಿಂದ ನೋಡಿದರು. ಮಕ್ಕಳ ಆಸ್ಪತ್ರೆಗೆ ಮಧ್ಯಾಹ್ನದ ಹಾಲು ಒಯ್ಯುವ ವ್ಯಾನು. ಆ ಹಾಲಿನಲ್ಲಿ ಎಂಬತ್ತೇಳಿದೆಯೋ, ಎಂಬತ್ತೇಳು ಸಾವಿರವಿದೆಯೋ, ಹೇಳಬಲ್ಲವರು ಹತ್ತು ದಿನದಿಂದ ಡೇರಿಯಲ್ಲಿ ಒಬ್ಬರೂ ಇಲ್ಲ.

"ಕೆಲಸ ಹೋದ್ರೆ ಹೋಗ್ಲಿ!" ಎಂದು ರಾಯರು ಬೆಣ್ಣೆಯ ಪೆಟ್ಟಿಗೆಗೆ ಗುದ್ದಿದರು. ಬೆಣ್ಣೆ ಕಲ್ಲಾಗಿತ್ತು. ಕೈ ಊದಿತು.

ನಾಲ್ಕಕ್ಕೆ ಐದು ನಿಮಿಷವಿರುವಾಗ ತೊಳೆಯುವ ಕೋಣೆಗೆ ನುಗ್ಗಿದರು. ಅಕ್ಕ ಸೀರೆ ಬದಲಿಸಿ ಸಮಾರಂಭಕ್ಕೆ ಸಿದ್ಧಳಾಗಿ ನಿಂತಿದ್ದಳು.

"ಅಕ್ಕಾ, ಡಬ್ಬಿ! ಬೇಗ!"

ಅಕ್ಕ ಹೆಮ್ಮೆಯಿಂದ ಡಬ್ಬಿ ತೆರೆದು ತೋರಿಸಿದಳು. ಒಳಗೆ ನಾಲ್ಕು ತಟ್ಟೆಗಳು. ಹಬೆಯಲ್ಲಿ ಬೆಂದು, ಸೋಪಿನಲ್ಲಿ ಮಿಂದು, ಒರೆಸಿಕೊಂಡು, ಕನ್ನಡಿಯಂತೆ ಫಳಫಳ ಹೊಳೆಯುತ್ತಿದ್ದವು. ಅವುಗಳಲ್ಲಿ ರಾಯರಿಗೆ ತಮ್ಮದೇ ಮುಖ ನಾಲ್ಕು ಸಲ ಕಂಡಿತು. ನಾಲ್ಕೂ ಅಳುಮುಖ.

"ಜೋಪಾನ ಅಂದ್ರಲ್ಲ, ಅದಕ್ಕೇ ನಾನೇ ನಿಂತು ತೊಳೆದೆ. ಎರಡು ತಟ್ಟೆ ಏನು ನಾತ ಅಂತೀರಿ! ಮೂಗು ಬಿಡೋಕಾಗಲಿಲ್ಲ" ಎಂದು ಅಕ್ಕ ಯಾಕೋ ಬಹಳ ಸಂತೋಷದಿಂದ ಹೇಳಿದಳು.

ಬೆಳಗಿನಿಂದ ಹೊತ್ತು ತಿರುಗಿದ ಸಾಕ್ಷಿ ಚರಂಡಿ ಸೇರಿತ್ತು. ಬರಿಗೈಯಲ್ಲಿ, ಊದಿದ ಬೆರಳುಗಳೊಂದಿಗೆ, ರಾಯರು ಸಭೆಯತ್ತ ನಡೆದರು.

ಪ್ಯಾಕಿಂಗ್ ಹಾಲು ಕಿಕ್ಕಿರಿದಿತ್ತು. ಮನೆ ಸಿಗದ ಜನ ಮುಖ ಗಂಟಿಕ್ಕಿಕೊಂಡು ಕೂತಿದ್ದರು. ಮುಂದಿನ ಸಾಲಿನಲ್ಲಿ ನಾಲ್ವರು ಪತ್ರಕರ್ತರು, ಅವರಲ್ಲಿ ಇಬ್ಬರು ಆಗಲೇ ನಿದ್ದೆಯಲ್ಲಿ. ವೇದಿಕೆಯ ಮೇಲೆ ಮ್ಯಾನೇಜರ್ ಸಾಹೇಬರು, ಪಕ್ಕದಲ್ಲಿ ನಗುಮುಖ, ನಡುವೆ ಕೇಂದ್ರ ಕಚೇರಿಯ ಅಧಿಕಾರಿ. ಕುಳ್ಳಗಿನ, ನೆರೆತ ಕೂದಲಿನ ಹೆಂಗಸು. ತೊಡೆಯ ಮೇಲೆ ಹಳೆಯ ಕೈಚೀಲ.

ಸಾಹೇಬರು ಮೈಕು ಹಿಡಿದರು. "ಸೊನ್ನೆ! ಸೊನ್ನೆ ಅಂದ್ರೆ ಶೂನ್ಯ ಅಲ್ಲ, ಸೊನ್ನೆ ಅಂದ್ರೆ ಸಾಧನೆ! ಹತ್ತು ದಿನದಿಂದ ನಮ್ಮ ಹಾಲಿನಲ್ಲಿ ಒಂದೇ ಒಂದು..."

"ಸುಳ್ಳು!"

ಸಭೆ ತಿರುಗಿ ನೋಡಿತು. ಬಾಗಿಲಲ್ಲಿ ಅಳತೆರಾಯರು. ತಲೆಗೂದಲಿಗೆ ಬೆಣ್ಣೆ ಹತ್ತಿತ್ತು. ನಿದ್ದೆಯಲ್ಲಿದ್ದ ಇಬ್ಬರು ಪತ್ರಕರ್ತರೂ ಎದ್ದು ಪೆನ್ನು ಹುಡುಕಿದರು.

"ಅಮ್ಮಾ, ಆ ಸೊನ್ನೆ ಸುಳ್ಳು! ಹಾಲು ಶುದ್ಧವಾಗಿ ಸೊನ್ನೆ ಬಂದಿಲ್ಲ. ಹೊಸ ಡಬ್ಬದ ಪುಡಿ ಸತ್ತುಹೋಗಿದೆ. ಅದರ ಮೇಲೆ ಚರಂಡಿ ನೀರು ಹಾಕಿದ್ರೂ ಸೊನ್ನೆನೇ ಬರುತ್ತೆ! ಫಲಕ ಕೊಡಬೇಡಿ. ಮೊದಲು ಹಾಲು ನೋಡಿ. ಆಮೇಲೆ ನನ್ನನ್ನ ಏನು ಬೇಕಾದ್ರೂ ಮಾಡಿ!"

ಸಾಹೇಬರು ಮೈಕಿನ ಮೇಲೆ ಕೈ ಮುಚ್ಚಿ ಅಧಿಕಾರಿಯತ್ತ ಬಾಗಿದರು. "ಕ್ಷಮಿಸಿ ಮೇಡಂ. ಅವರ ಅತ್ತೆಗೆ ಕಣ್ಣಿನ ಆಪರೇಷನ್ ಆಗಿ, ಇವರ ತಲೆಗೆ ಸ್ವಲ್ಪ..."

"ನೀವು ಕೂತ್ಕೊಳ್ಳಿ ಮ್ಯಾನೇಜರೇ" ಎಂದು ಅಧಿಕಾರಿ ಮೆಲ್ಲಗೆ ಹೇಳಿದರು. ಸಾಹೇಬರು ದೊಪ್ಪನೆ ಕೂತರು.

ಆಕೆ ಎದ್ದು ಮೈಕಿನ ಮುಂದೆ ಬಂದರು. "ಅವರು ಹೇಳಿದ್ದು ನಿಜ. ಆ ಡಬ್ಬ ಕಳಿಸಿದ್ದು ನಾನು. ಬೇಕಂತಲೇ ಕೆಡಿಸಿ ಕಳಿಸಿದ್ದು."

ಸಭೆ ಒಂದೇ ಉಸಿರಿಗೆ 'ಹಾ' ಎಂದಿತು. ನಗುಮುಖ ನಕ್ಕ, ಉತ್ತರ ಸಿಗಲಿಲ್ಲ.

"ಹೊಸ ಡಬ್ಬ ಬಂದಾಗಲೆಲ್ಲ ಹಳೇದರ ಪಕ್ಕ ಇಟ್ಟು, ಬೆಳೀಬೇಕಾದ್ದು ಬೆಳೆಯುತ್ತಾ ಅಂತ ನೋಡ್ಬೇಕು. ಅದು ನಿಯಮ. ಯಾರು ನಿಜವಾಗಿ ನೋಡ್ತಾರೆ, ಯಾರು ಬರೀ ಸಹಿ ಹಾಕ್ತಾರೆ ಅಂತ ತಿಳ್ಕೊಳ್ಳೋಕೆ ಏಳು ಡೇರಿಗೆ ಇಂಥ ಡಬ್ಬ ಕಳಿಸಿದ್ದೆ. ಹಾಲಿನ ಚಿಂತೆ ಬೇಡ. ನಿಮ್ಮ ಲಾರಿಗಳಿಂದ ದಿನಾ ಒಂದೊಂದು ಶೀಶೆ ನಮ್ಮಲ್ಲಿಗೂ ಬರ್ತಿತ್ತು. ಎಣಿಕೆ ಮಿತಿ ಒಳಗೇ ಇದೆ. ಏಳೂ ಡೇರಿಗಳು ಸೊನ್ನೆ ಸೊನ್ನೆ ಅಂತ ಬರೆದು ಸಂಭ್ರಮಪಟ್ಟವು. ಈ ಒಂದು ಡೇರಿಲಿ ಮಾತ್ರ ಒಬ್ಬರು ಮೋಸ ಹಿಡಿದರು. ನಾನು ತಂದಿರೋ ಫಲಕ ಸೊನ್ನೆಗಲ್ಲ, ಹಿಡಿದವರಿಗೆ."

ಚಪ್ಪಾಳೆ ಗುಡುಗಿತು! ರಾಯರ ಎದೆ ಉಬ್ಬಿತು. ಲಾರಿ ಚಾಲಕ ಅವರ ಬೆನ್ನು ತಟ್ಟಿದ. ಮ್ಯಾನೇಜರ್ ಸಾಹೇಬರು ಬುಗ್ಗೆಯಂತೆ ಮತ್ತೆ ಎದ್ದರು. "ಬೆಳಿಗ್ಗೆ ನಾನೇ ರಾಯರನ್ನ ಕರೆದು ಹೇಳಿದೆ ಮೇಡಂ, ಈ ಮಾಧ್ಯಮ ಯಾಕೋ ಸರಿಯಿಲ್ಲ, ನೋಡ್ರೀ ಅಂತ! ಬನ್ನಿ ರಾಯರೇ, ಮೇಲೆ ಬನ್ನಿ!"

ರಾಯರು ಅಂಗಿ ಸರಿಮಾಡಿಕೊಂಡು, ಕೂದಲಿನ ಬೆಣ್ಣೆ ಒರೆಸಿಕೊಂಡು, ಮೆಟ್ಟಿಲು ಹತ್ತಿದರು. ಮೂರು ಮೆಟ್ಟಿಲು.

"ನೀವಲ್ಲ ಅಪ್ಪಾ" ಎಂದರು ಅಧಿಕಾರಿ. "ಮೋಸ ಹಿಡಿದ ಸುದ್ದಿ ನಮಗೆ ಬಂದು ಆರು ದಿನ ಆಯ್ತು."

ಕೈಚೀಲದಿಂದ ಮಡಿಸಿದ ಒಂದು ಚೀಟಿ ತೆಗೆದರು. "ನಿಮ್ಮ ಗೇಟಿನ ಹತ್ರ ಸಲಹಾ ಪೆಟ್ಟಿಗೆ ಇದೆ. ಬೀಗದ ಕೈ ನಮ್ಮ ಹತ್ರ ಇರುತ್ತೆ. ಅದರಲ್ಲಿ ಸಿಕ್ಕಿದ್ದು. ಓದ್ತೀನಿ. 'ದೊಡ್ಡವರಿಗೆ ನಮಸ್ಕಾರ. ನಾನು ತಟ್ಟೆ ತೊಳೆಯೋಳು. ಇಪ್ಪತ್ತು ವರ್ಷದಿಂದ ತಟ್ಟೆಗಳು ನಾತ ಹೊಡೀತಾ ಬರ್ತಿದ್ವು. ಹೊಸ ಡಬ್ಬ ತೆರೆದ ದಿನದಿಂದ ನಾತ ನಿಂತುಹೋಗಿದೆ. ತೊಳೆಯೋಕೇನೋ ಸುಖ. ಆದ್ರೆ ಬದುಕಿರೋದು ನಾರಬೇಕು. ಇದು ನಾರ್ತಿಲ್ಲ ಅಂದ್ರೆ ಒಳಗೆ ಏನೋ ಸತ್ತಿದೆ. ದಯವಿಟ್ಟು ಡಬ್ಬ ನೋಡಿಸಿ.'"

ಸಭೆಯಲ್ಲಿ ಎದ್ದ ಗದ್ದಲಕ್ಕೆ ಬ್ಯಾನರಿನ ಒಂದು ತುದಿ ಕಳಚಿಬಿತ್ತು. ಬೆಣ್ಣೆಯವರೂ ಪ್ಯಾಕಿಂಗಿನವರೂ ಜಗಳ ಮರೆತು ಅಕ್ಕನನ್ನು ಹಿಂದಿನ ಸಾಲಿನಿಂದ ಎಬ್ಬಿಸಿ, ತಳ್ಳಿಕೊಂಡೇ ವೇದಿಕೆಗೆ ತಂದರು. "ಅಯ್ಯೋ, ನಾನ್ಯಾಕೆ, ನಾನ್ಯಾಕೆ" ಎನ್ನುತ್ತಲೇ ಅವಳು ಫಲಕವನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮೂರನೇ ಮೆಟ್ಟಿಲ ಮೇಲೆ ನಿಂತಿದ್ದ ರಾಯರು ಮೆಲ್ಲಗೆ ಕೆಮ್ಮಿದರು. "ಅಮ್ಮಾ, ನಾನೂ ಹಿಡಿದೆ. ಹಳೇದು ಹೊಸದು ಎರಡನ್ನೂ ಪಕ್ಕಪಕ್ಕ ಇಟ್ಟು, ಸರಿಯಾಗಿ, ನಿಯಮದ ಪ್ರಕಾರ..."

"ಒಳ್ಳೇದು. ತಟ್ಟೆ ಎಲ್ಲಿ?"

"ಅಕ್ಕ ತೊಳೆದುಬಿಟ್ಟಳು."

"ಹೋಗ್ಲಿ. ರಿಜಿಸ್ಟರಲ್ಲಿ ಬರೆದಿದೀರಾ?"

ರಾಯರು ಮೂರು ಸಲ ಎಣಿಸಿದ್ದರು. ಒಂದು ಸಲವೂ ಬರೆದಿರಲಿಲ್ಲ. ಎಣಿಸಿದ ಹುರುಪಿನಲ್ಲಿ ಓಡಿಬಿಟ್ಟಿದ್ದರು.

"ನಮ್ಮ ಕೆಲಸದಲ್ಲಿ ಬರೆಯದ್ದು ನಡೆದೇ ಇಲ್ಲ ಅಂತ ಲೆಕ್ಕ" ಎಂದು ಅಧಿಕಾರಿ ಮರುಕದಿಂದಲೇ ಹೇಳಿದರು. ಆಮೇಲೆ ಸಭೆಗೆ ತಿರುಗಿದರು. "ಇವತ್ತಿನಿಂದ ಈ ಡೇರಿಯಲ್ಲಿ ಹೊಸ ಡಬ್ಬ ಯಾವುದೇ ಬರಲಿ, ಈ ಅಕ್ಕ ಒಪ್ಪಿ ಸಹಿ ಹಾಕಿದ ಮೇಲೇ ಬಳಸಬೇಕು. ಇವರಿಗೆ ಪ್ರಯೋಗಾಲಯದಲ್ಲಿ ಒಂದು ಮೇಜು ಕೊಡಿ. ನಗ್ತಾ ಕೂತಿದಾನಲ್ಲ ಈ ಹುಡುಗ, ಅವನನ್ನ ಇವರ ಕೈಕೆಳಗೆ ಕಲಿಯೋಕೆ ಹಾಕಿ. ನಿಮ್ಮ ರಿಜಿಸ್ಟರಲ್ಲಿ ನಿಜವಾದ ಎಣಿಕೆ ಬರ್ಬೇಕು, ತೆಗೆದಿಟ್ಟ ಹತ್ತು ದಿನದ ಹಾಲಿನ ಮಾದರಿಗಳನ್ನೂ ನಾನು ತಂದಿರೋ ಒಳ್ಳೇ ಡಬ್ಬದಿಂದ ಮತ್ತೆ ಪರೀಕ್ಷೆ ಮಾಡಿ. ಈಗಲೇ ಶುರುವಾಗಲಿ."

"ಈಗಲೇ ಮೇಡಂ, ಈಗಲೇ!" ಎಂದರು ಸಾಹೇಬರು. ಆಕೆಯ ಕಾರು ಗೇಟು ದಾಟುವವರೆಗೆ ಕೈ ಬೀಸಿದರು. ದಾಟಿದ ಮೇಲೆ ಕೈ ಇಳಿಸಿ ಲೆಕ್ಕ ಹಾಕಿದರು. ಹತ್ತು ದಿನದ ಮಾದರಿಗೆ ಆರುನೂರು ತಟ್ಟೆ ಬೇಕು. ಆರುನೂರೂ ತೊಳೆಯದೆ ಬಿದ್ದಿವೆ. ತೊಳೆಯುವವಳು ಇನ್ನು ಮೇಜಿನ ಮುಂದೆ ಕೂರುವವಳು. ಸಾಹೇಬರ ಕಣ್ಣು ಇಡೀ ಅಂಗಳವನ್ನು ಒಂದು ಸುತ್ತು ಹಾಕಿ, ಪತ್ರಕರ್ತರ ಎದುರಿಗೆ ತಮ್ಮ ಸೊನ್ನೆಯನ್ನು ಸುಳ್ಳೆಂದ ಮನುಷ್ಯನ ಮೇಲೆ ಬಂದು ನಿಂತಿತು.

"ರಾಯರೇ, ಬೇರೆ ಯಾರಾದ್ರೂ ಸಿಗೋವರೆಗೆ, ಒಂದೆರಡು ತಿಂಗಳು ಅಷ್ಟೇ. ನಿಮ್ಮಷ್ಟು ಅಚ್ಚುಕಟ್ಟು ಯಾರಿಗಿದೆ ಹೇಳಿ?"

ಐದು ಗಂಟೆಗೆ ರಾಯರು ತೊಳೆಯುವ ಕೋಣೆಯಲ್ಲಿ ತೋಳು ಮಡಚಿ ನಿಂತಿದ್ದರು. ಎದುರಿಗೆ ಆರುನೂರು ತಟ್ಟೆಗಳು ಗೋಪುರ ಗೋಪುರವಾಗಿ. ಅಕ್ಕ ಬಾಗಿಲಲ್ಲಿ ಕಾಣಿಸಿಕೊಂಡಳು. ಕಂಕುಳಲ್ಲಿ ಫಲಕ, ಕೈಯಲ್ಲಿ ಒಂದು ಜೊತೆ ಹಳೆಯ ರಬ್ಬರಿನ ಕೈಗವಸು. ಅವಳ ಮುಖದಲ್ಲಿ ನಿಜವಾದ ಕನಿಕರವಿತ್ತು.

"ಇವನ್ನ ಹಾಕ್ಕೊಳ್ಳಿ ರಾಯರೇ, ಕೈಗೆ ಒಳ್ಳೇದು. ಎಡಗೈದರಲ್ಲಿ ಹೆಬ್ಬೆರಳ ಹತ್ರ ಒಂದು ತೂತಿದೆ, ನೋಡ್ಕೊಳ್ಳಿ."